ಚಪ್ಪಾಳೆ ತಟ್ಟುವ ಕೋರ್ಟುಗಳು!

ನ್ಯಾಯಾಧೀಶರು ಪೀಠದಿಂದ ಕೆಳಗಿಳಿದು ಬಂದು ಆರೋಪಿಯ ಕೈ ಕುಲುಕುವುದನ್ನು ಎಲ್ಲಾದರೂ ನೋಡಿದ್ದೀರಾ? ಅವನನ್ನು ಹಿಡಿದು ತಂದ ಪೊಲೀಸ್ ಅಧಿಕಾರಿಯೇ ಎದ್ದು ನಿಂತು ಚಪ್ಪಾಳೆ ತಟ್ಟುವುದನ್ನು? ಅವನ ಮೇಲೆ ಕೇಸು ನಡೆಸಬೇಕಾದ ಸರ್ಕಾರಿ ವಕೀಲರು ‘ಶಹಬ್ಬಾಸ್’ ಎನ್ನುವುದನ್ನು? ಸಿನಿಮಾದಲ್ಲಿ ಇಂಥ ದೃಶ್ಯ ಇಟ್ಟರೆ ‘ಇದು ಅತಿಯಾಯ್ತು’ ಎಂದು ನಾವೇ ನಗುತ್ತೇವೆ. ಅಮೆರಿಕದ ಊರೂರಿನ ಕೋರ್ಟ್ ಹಾಲ್‌ಗಳಲ್ಲಿ ಇದು ಮಾಮೂಲಿ ಸಂಗತಿ! ಚಪ್ಪಾಳೆ ಯಾವುದಕ್ಕೆ? ಕೇಸು ಗೆದ್ದದ್ದಕ್ಕಲ್ಲ. ‘ಇವತ್ತಿಗೆ ತೊಂಬತ್ತು ದಿನ ಆಯ್ತು ಸಾರ್, ಡ್ರಗ್ಸ್ ಮುಟ್ಟಿಲ್ಲ’ ಎಂದದ್ದಕ್ಕೆ.

ಇವು ಡ್ರಗ್ ಕೋರ್ಟುಗಳು. ಅಮಲಿನ ಚಟಕ್ಕೆ ಬಿದ್ದು ಕಾನೂನಿನ ಕೈಗೆ ಸಿಕ್ಕವರನ್ನು ಜೈಲಿಗೆ ಅಟ್ಟುವ ಬದಲು ಚಿಕಿತ್ಸೆಗೆ ಹಚ್ಚಿ, ವರ್ಷ ಒಂದೂವರೆ ವರ್ಷ ಬೆನ್ನು ಬಿಡದೆ ಕಾಯುವ ನ್ಯಾಯಾಲಯಗಳು. ಮೊದಲನೆಯದು ಹುಟ್ಟಿದ್ದು 1989ರಲ್ಲಿ. ಆಮೇಲೆ ಅದೇ ಬೇರಿನಿಂದ ಮಾನಸಿಕ ಕಾಯಿಲೆಯವರ ಕೋರ್ಟು, ಮಾಜಿ ಸೈನಿಕರ ಕೋರ್ಟು, ಕುಡಿದು ಗಾಡಿ ಓಡಿಸುವವರ ಕೋರ್ಟು ಎಂದು ಚಿಗುರಿ ಚಿಗುರಿ, ಇವತ್ತು ಅಮೆರಿಕ ಒಂದರಲ್ಲೇ ಈ ಬಳಗದ ಸಂಖ್ಯೆ 4,000 ದಾಟಿದೆ! ‘ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ಕೇಳುತ್ತ ಬೆಳೆದವರು ನಾವು. ಗೆದ್ದವ ಗೆದ್ದ, ಸೋತವನೂ ಗೆದ್ದ ಎನ್ನುವ ಕೋರ್ಟು ಇದೆ ಎಂದರೆ ನಂಬುವುದು ಹೇಗೆ? ಅಂಥದ್ದು ನಡೆಯುವುದಾದರೂ ಹೇಗೆ? ಆ ಗುಟ್ಟು ಅದನ್ನು ಕಟ್ಟಿದವರಿಗೇ ಮೊದಲು ಗೊತ್ತಿರಲಿಲ್ಲ! ಸಂಶೋಧಕರು ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಎರಡು ದಶಕ ಕಳೆದಿತ್ತು.

ತುಂಬಿ ತುಳುಕಿದ ಜೈಲು, ಒಂದು ವರ್ಷದ ಬಿಡುವು

1980ರ ದಶಕದ ಮಿಯಾಮಿಯನ್ನು ಕಲ್ಪಿಸಿಕೊಳ್ಳಿ. ದಕ್ಷಿಣ ಅಮೆರಿಕದಿಂದ ಕೊಕೇನ್ ಹರಿದು ಬರುವ ಹೆಬ್ಬಾಗಿಲು ಅದು. ಅದರ ಬೆನ್ನಿಗೇ ಬಂತು ಕ್ರ್ಯಾಕ್. ಕೊಕೇನನ್ನು ಹರಳು ಮಾಡಿ ಹೊಗೆ ಎಳೆಯುವ, ಕೈಗೆಟಕುವ ಬೆಲೆಯ, ಕ್ಷಣದಲ್ಲಿ ತಲೆಗೇರುವ ಮಾಲು. ಪೊಲೀಸರು ಹಿಡಿದರು, ಕೋರ್ಟು ಶಿಕ್ಷೆ ಕೊಟ್ಟಿತು, ಜೈಲು ತುಂಬಿತು. ಬಿಡುಗಡೆಯಾದವರು ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಟಕಟೆಯಲ್ಲಿ ಹಾಜರ್! ಅದೇ ಮುಖ, ಅದೇ ಕೇಸು, ಅದೇ ಕಲಂ.

ಅಲ್ಲಿನ ಮುಖ್ಯ ನ್ಯಾಯಾಧೀಶ ಜೆರಾಲ್ಡ್ ವೆದರಿಂಗ್ಟನ್ ಆಗ ಯಾರೂ ಮಾಡದ ಕೆಲಸ ಮಾಡಿದರು. ತಮ್ಮ ಸಹೋದ್ಯೋಗಿ ಹರ್ಬರ್ಟ್ ಕ್ಲೈನ್ ಅವರನ್ನು ಪೀಠದಿಂದಲೇ ಎಬ್ಬಿಸಿ, ಒಂದು ವರ್ಷ ಬಿಡುವು ಕೊಟ್ಟು, ‘ಹೋಗಿ, ಇದಕ್ಕೊಂದು ದಾರಿ ಹುಡುಕಿ’ ಎಂದು ಕಳಿಸಿದರು. ಕ್ಲೈನ್ ಹುಡುಕಿದರು. ಅವರ ಜೊತೆ ಕೂತವರು ಯಾರು ನೋಡಿ: ಜಿಲ್ಲೆಯ ಮುಖ್ಯ ಸರ್ಕಾರಿ ವಕೀಲೆ ಜಾನೆಟ್ ರೆನೊ, ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ಕಚೇರಿಯ ಮುಖ್ಯಸ್ಥ ಬೆನೆಟ್ ಬ್ರಮರ್. ದಿನ ಬೆಳಗಾದರೆ ಎದುರುಬದುರು ನಿಂತು ಜಗಳವಾಡಬೇಕಾದ ಇಬ್ಬರು, ಒಂದೇ ಮೇಜಿನ ಸುತ್ತ! ಇದೇ ರೆನೊ 1993ರಲ್ಲಿ ಅಮೆರಿಕದ ಮೊದಲ ಮಹಿಳಾ ಅಟಾರ್ನಿ ಜನರಲ್ ಆದರು. ಮಿಯಾಮಿಯ ಪ್ರಯೋಗ ಆ ದೇಶದ ತುಂಬ ಹಬ್ಬಿದ್ದಕ್ಕೆ, 1994ರ ಅಪರಾಧ ಕಾಯ್ದೆಯಲ್ಲಿ ಅದಕ್ಕೆಂದೇ ಹಣ ಸಿಕ್ಕಿದ್ದಕ್ಕೆ ಅದೂ ಒಂದು ಕಾರಣ.

1989ರಲ್ಲಿ ಆ ಹೊಸ ಪೀಠ ಏರಿದವರು ನ್ಯಾಯಾಧೀಶ ಸ್ಟಾನ್ಲಿ ಗೋಲ್ಡ್‌ಸ್ಟೀನ್. ಅವರ ಮುಂದಿದ್ದ ಸೂತ್ರ ಸರಳ. ಚಿಕಿತ್ಸೆಗೆ ಒಪ್ಪಿದರೆ ಕೇಸು ಅಲ್ಲಿಗೇ ನಿಲ್ಲುತ್ತದೆ. ಸುಮಾರು ಒಂದು ವರ್ಷ ಚಿಕಿತ್ಸೆ, ಮೂತ್ರ ಪರೀಕ್ಷೆ, ಮತ್ತೆ ಮತ್ತೆ ಕೋರ್ಟಿಗೆ ಹಾಜರಿ. ಕೊನೆ ಮುಟ್ಟಿದರೆ ಆರೋಪ ರದ್ದು!

ಕೋರ್ಟಿನಲ್ಲಿ ಸೂಜಿ

ಇಲ್ಲಿಂದ ಕಥೆ ಎಲ್ಲೆಲ್ಲಿಗೋ ಜಿಗಿಯುತ್ತದೆ. ಮಿಯಾಮಿ ಕೋರ್ಟಿನ ಚಿಕಿತ್ಸೆಯಲ್ಲಿ ಇದ್ದದ್ದೇನು ಗೊತ್ತೇ? ಕಿವಿಗೆ ಚುಚ್ಚುವ ಸೂಜಿ! ಹೌದು, ಚೀನೀಯರ ಅಕ್ಯುಪಂಕ್ಚರ್. ಕಿವಿಯ ಹಾಲೆಯ ಐದು ಬಿಂದುಗಳಿಗೆ ಐದು ಸಣ್ಣ ಸೂಜಿ ಸಿಕ್ಕಿಸಿಕೊಂಡು ಆರೋಪಿಗಳು ಸಾಲಾಗಿ ಸುಮ್ಮನೆ ಕೂರುತ್ತಿದ್ದರು.

ಅಮೆರಿಕದ ಕೋರ್ಟಿಗೆ ಈ ಸೂಜಿ ಬಂದದ್ದಾದರೂ ಎಲ್ಲಿಂದ? ಎಳೆ ಹಿಡಿದು ಹೊರಟರೆ ಮೊದಲು ಸಿಗುವುದು ಹಾಂಗ್‌ಕಾಂಗಿನ ಒಂದು ಆಸ್ಪತ್ರೆ. ಎಪ್ಪತ್ತರ ದಶಕದ ಆರಂಭದಲ್ಲಿ ಎಚ್. ಎಲ್. ವೆನ್ ಎಂಬ ಮಿದುಳು ಶಸ್ತ್ರಚಿಕಿತ್ಸಕರು ನೋವು ತಗ್ಗಿಸಲೆಂದು ರೋಗಿಗೆ ಸೂಜಿ ಚುಚ್ಚಿ ವಿದ್ಯುತ್ ಹಾಯಿಸಿದರು. ಆ ರೋಗಿ ಅಫೀಮು ವ್ಯಸನಿ. ನೋವಿನ ಮಾತು ಹಾಗಿರಲಿ, ಅಫೀಮು ಸಿಗದಾಗಿನ ಚಡಪಡಿಕೆಯೇ ಇಳಿದುಹೋಯಿತು ಎಂದನಂತೆ! ಅಲ್ಲಿಂದ ಎಳೆ ಸಾಗುವುದು ನ್ಯೂಯಾರ್ಕಿನ ಬಡವರ ಕೇರಿ ಸೌತ್ ಬ್ರಾಂಕ್ಸಿಗೆ. 1970ರ ನವೆಂಬರಿನಲ್ಲಿ ಬ್ಲ್ಯಾಕ್ ಪ್ಯಾಂಥರ್, ಯಂಗ್ ಲಾರ್ಡ್ಸ್ ಎಂಬ ಕ್ರಾಂತಿಕಾರಿ ಸಂಘಟನೆಗಳ ಹುಡುಗರು ಅಲ್ಲಿನ ಲಿಂಕನ್ ಆಸ್ಪತ್ರೆಗೆ ನುಗ್ಗಿ, ‘ನಮ್ಮ ಜನ ಹೆರಾಯಿನ್‌ಗೆ ಸಾಯ್ತಿದ್ದಾರೆ, ಚಿಕಿತ್ಸೆ ಶುರು ಮಾಡಿ’ ಎಂದು ಪಟ್ಟು ಹಿಡಿದು ಕೂತರು. ಆ ಹಟದಿಂದ ಹುಟ್ಟಿದ ವ್ಯಸನಮುಕ್ತಿ ವಿಭಾಗಕ್ಕೆ ವೆನ್ ಅವರ ಸುದ್ದಿ ತಲುಪಿ, ಐದು ಸೂಜಿಯ ವಿಧಾನ ರೂಪುಗೊಂಡಿತು. ಕ್ರಾಂತಿಕಾರಿಗಳು ಆಸ್ಪತ್ರೆಗೆ ಮುತ್ತಿಗೆ ಹಾಕಿ ತಂದ ಚಿಕಿತ್ಸೆ, ಇಪ್ಪತ್ತು ವರ್ಷದಲ್ಲಿ, ಸರ್ಕಾರಿ ವಕೀಲೆಯೊಬ್ಬರ ಒಪ್ಪಿಗೆಯೊಂದಿಗೆ ಕ್ರಿಮಿನಲ್ ಕೋರ್ಟಿನ ಭಾಗವಾಗಿಬಿಟ್ಟಿತು!

ಹಾಗಾದರೆ ಗುಟ್ಟು ಸೂಜಿಯಲ್ಲೇ ಇತ್ತೆ? ಬಹಳ ಜನ ಹಾಗೆಂದುಕೊಂಡರು. ಆದರೆ ವಿಜ್ಞಾನ ನಂಬಿಕೆಯ ಮಾತು ಕೇಳುವುದಿಲ್ಲ. ಕೊಕೇನ್ ಚಟದ 620 ಮಂದಿಯನ್ನು ಗುಂಪು ಗುಂಪಾಗಿ ವಿಂಗಡಿಸಿ, ಕೆಲವರಿಗೆ ನಿಜವಾದ ಬಿಂದುಗಳಿಗೆ, ಕೆಲವರಿಗೆ ಬೇಕೆಂದೇ ತಪ್ಪು ಜಾಗಕ್ಕೆ ಸೂಜಿ ಚುಚ್ಚಿ, ಇನ್ನು ಕೆಲವರಿಗೆ ಸೂಜಿಯೇ ಇಲ್ಲದೆ ಬರೀ ಪ್ರಶಾಂತ ವಿಡಿಯೊ ತೋರಿಸಿ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಮೂರು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ! ಸೂಜಿ ಬಿದ್ದುಹೋಯಿತು. ಕೋರ್ಟು ಮಾತ್ರ ನಿಂತೇ ಇತ್ತು. ಸೂಜಿಯೇ ಇಲ್ಲದ ನೂರಾರು ಕೋರ್ಟುಗಳಲ್ಲೂ ಜನ ಚಟ ಬಿಡುತ್ತಿದ್ದರು.

ಹಾಗಾದರೆ ಅಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಏನು?

ಬಣ್ಣದ ಕರೆ, ಜ್ಯೂರಿ ಪೆಟ್ಟಿಗೆ, ಗಾಜಿನ ಬೋಗುಣಿ

ಒಳಗೆ ಹೊಕ್ಕು ನೋಡೋಣ ಬನ್ನಿ. ಡ್ರಗ್ ಕೋರ್ಟಿನ ದಿನ ಶುರುವಾಗುವುದು ಕೋರ್ಟಿನಲ್ಲಲ್ಲ, ಫೋನಿನಲ್ಲಿ. ಎಷ್ಟೋ ಕಡೆ ಪ್ರತಿಯೊಬ್ಬರಿಗೂ ಒಂದೊಂದು ಬಣ್ಣ ಹಂಚಿರುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಒಂದು ನಂಬರಿಗೆ ಫೋನ್ ಮಾಡಬೇಕು. ‘ಇವತ್ತು ಹಸಿರು’ ಎಂದಿತೋ, ಹಸಿರು ಬಣ್ಣದವರೆಲ್ಲ ಹೋಗಿ ಮೂತ್ರ ಕೊಟ್ಟು ಬರಬೇಕು. ಯಾವ ದಿನ ಯಾವ ಬಣ್ಣ ಎಂದು ದೇವರಿಗೂ ಗೊತ್ತಿಲ್ಲ. ‘ನಾಳೆ ಪರೀಕ್ಷೆ ಇಲ್ಲ, ಇವತ್ತೊಂದು ದಮ್ಮು ಎಳೆದರಾಯ್ತು’ ಎನ್ನುವ ಲೆಕ್ಕಾಚಾರಕ್ಕೆ ಜಾಗವೇ ಇಲ್ಲ!

ಕಲಾಪಕ್ಕೆ ಮುಂಚೆ ಬಾಗಿಲು ಹಾಕಿಕೊಂಡು ಒಂದು ಸಭೆ. ನ್ಯಾಯಾಧೀಶರು, ಸರ್ಕಾರಿ ವಕೀಲರು, ಆರೋಪಿಯ ವಕೀಲರು, ಚಿಕಿತ್ಸಾ ಕೇಂದ್ರದವರು, ಪ್ರೊಬೇಷನ್ ಅಧಿಕಾರಿ ಎಲ್ಲರೂ ಒಬ್ಬೊಬ್ಬರ ಬಗ್ಗೆಯೂ ಮಾತಾಡುತ್ತಾರೆ. ಇವಳಿಗೆ ಕೆಲಸ ಸಿಕ್ಕಿತೇ? ಇವನ ಹೆಂಡತಿ ವಾಪಸು ಬಂದಳೇ? ಇವನು ಹೋದ ವಾರ ಪರೀಕ್ಷೆ ತಪ್ಪಿಸಿಕೊಂಡದ್ದೇಕೆ? ವಾದವಿಲ್ಲ, ಪ್ರತಿವಾದವಿಲ್ಲ. ಎಲ್ಲರ ಎದುರಾಳಿ ಒಂದೇ, ಆ ಚಟ.

ಕಲಾಪ ಶುರುವಾದ ಮೇಲಂತೂ ಅದೊಂದು ರಂಗಸ್ಥಳ! ಹೊಸಬರು ತಮ್ಮ ಸರದಿ ಮುಗಿದ ಕೂಡಲೇ ಜಾಗ ಖಾಲಿ ಮಾಡುವಂತಿಲ್ಲ; ಉಳಿದವರ ವಿಚಾರಣೆಯನ್ನು ಕೂತು ನೋಡಬೇಕು. ಚೆನ್ನಾಗಿ ನಡೆದುಕೊಂಡವರಿಗೆ ಎಲ್ಲರೆದುರು ಹೊಗಳಿಕೆ, ಪ್ರಮಾಣಪತ್ರ, ಚಪ್ಪಾಳೆ. ಕೆಲವು ಕಡೆ ಗಾಜಿನ ಬೋಗುಣಿಯೊಳಗೆ ಕೈ ಹಾಕಿ ಚೀಟಿ ಎತ್ತುವ ಅವಕಾಶ. ಒಂದು ಚೀಟಿಯಲ್ಲಿ ಸಣ್ಣ ಬಹುಮಾನ, ಇನ್ನೊಂದರಲ್ಲಿ ‘ಭೇಷ್’ ಎಂಬ ಒಂದೇ ಮಾತು. ತಪ್ಪಿದವರಿಗೆ? ದಿನವಿಡೀ ಜ್ಯೂರಿಗಳ ಪೆಟ್ಟಿಗೆಯಲ್ಲಿ ಕೂತು ಕಲಾಪ ನೋಡುವ ಶಿಕ್ಷೆ, ಪ್ರಬಂಧ ಬರೆಯುವ ಶಿಕ್ಷೆ, ಸಮುದಾಯ ಸೇವೆ. ಮತ್ತೂ ಮತ್ತೂ ತಪ್ಪಿದರೆ ಕೆಲವು ದಿನ ಜೈಲು. ಆದರೆ ಒಮ್ಮೆ ಎಡವಿದ ಮಾತ್ರಕ್ಕೆ ಹೊರಹಾಕುವುದಿಲ್ಲ. ಚಟ ಬಿಡುವ ದಾರಿಯಲ್ಲಿ ಎಡವುವುದೂ ಇದ್ದದ್ದೇ ಎಂದು ಕೋರ್ಟು ಮೊದಲೇ ಲೆಕ್ಕ ಹಾಕಿಕೊಂಡಿರುತ್ತದೆ!

ಸಿಕ್ಕಿತು ಗುಟ್ಟು

ಬಹುಮಾನವೋ, ಭಯವೋ, ಮೂತ್ರ ಪರೀಕ್ಷೆಯೋ? ಗುಟ್ಟು ಯಾವುದರಲ್ಲಿದೆ? ಡೆಲವೇರ್ ರಾಜ್ಯದಲ್ಲಿ ಡಗ್ಲಸ್ ಮಾರ್ಲೊ ಮತ್ತು ಅವರ ಸಂಗಡಿಗರು ಒಂದು ಜಾಣ ಪ್ರಯೋಗ ಹೂಡಿದರು. ಚಿಕಿತ್ಸೆ ಎಲ್ಲರಿಗೂ ಇದ್ದದ್ದೇ. ಬದಲಿಸಿದ್ದು ಒಂದನ್ನು ಮಾತ್ರ. ಚೀಟಿ ಎತ್ತಿ, ಕೆಲವರನ್ನು ಎರಡು ವಾರಕ್ಕೊಮ್ಮೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದರು. ಉಳಿದವರನ್ನು ಏನಾದರೂ ಎಡವಟ್ಟಾದಾಗ ಮಾತ್ರ. ಫಲಿತಾಂಶ ನೋಡಿ ಅವರೇ ಬೆರಗಾಗಿರಬೇಕು! ಹೆಚ್ಚು ತೊಡಕಿಲ್ಲದ ಮಂದಿಗೆ ನ್ಯಾಯಾಧೀಶರ ಮುಖ ಆಗಾಗ ನೋಡಿದ್ದರಿಂದ ಏನೂ ಹೆಚ್ಚಿನ ಲಾಭವಾಗಲಿಲ್ಲ. ಆದರೆ ಈ ಹಿಂದೆ ಚಿಕಿತ್ಸೆ ಪಡೆದು ಸೋತವರು, ಸಮಾಜದ ಕಟ್ಟುಪಾಡಿಗೆ ಎಂದೂ ಸೊಪ್ಪು ಹಾಕದವರು, ‘ಇವನು ಉದ್ಧಾರವಾಗುವ ಪೈಕಿ ಅಲ್ಲ’ ಎಂದು ಎಲ್ಲರೂ ಕೈಬಿಟ್ಟವರು, ಎರಡು ವಾರಕ್ಕೊಮ್ಮೆ ಅದೇ ನ್ಯಾಯಾಧೀಶರನ್ನು ಕಂಡಾಗ ಎದ್ದು ನಿಂತರು!

2011ರಲ್ಲಿ ಇನ್ನೂ ದೊಡ್ಡ ಅಧ್ಯಯನದ ವರದಿ ಬಂತು. 23 ಡ್ರಗ್ ಕೋರ್ಟುಗಳು, ಹೋಲಿಕೆಗೆ ಮಾಮೂಲಿ ಕೋರ್ಟುಗಳ ಆರೋಪಿಗಳು, ಒಟ್ಟು ಸುಮಾರು 1,800 ಮಂದಿ. ಹದಿನೆಂಟು ತಿಂಗಳ ಬಳಿಕ ಎಂಜಲು ಪರೀಕ್ಷೆ ಮಾಡಿದರೆ ಮಾಮೂಲಿ ಕೋರ್ಟಿನವರಲ್ಲಿ ಶೇ 46 ಮಂದಿಗೆ ಡ್ರಗ್ಸ್ ಪತ್ತೆ. ಡ್ರಗ್ ಕೋರ್ಟಿನವರಲ್ಲಿ ಶೇ 29. ಮತ್ತೆ ಅಪರಾಧ ಎಸಗಿದ್ದೇವೆಂದು ತಾವೇ ಹೇಳಿಕೊಂಡವರು ಅಲ್ಲಿ ಶೇ 53, ಇಲ್ಲಿ ಶೇ 40. ಇದಕ್ಕೆ ಕಾರಣ ಹುಡುಕುತ್ತ ಹೋದ ಸಂಶೋಧಕರು ಕೊನೆಗೆ ಬಂದು ನಿಂತದ್ದು ಒಬ್ಬ ವ್ಯಕ್ತಿಯ ಮುಂದೆ. ನ್ಯಾಯಾಧೀಶರು! ‘ಅವರು ನನ್ನನ್ನು ಮನುಷ್ಯನಂತೆ ಕಂಡರು, ನನ್ನ ಮಾತು ಕೇಳಿಸಿಕೊಂಡರು’ ಎಂದು ಯಾರಿಗೆ ಅನ್ನಿಸಿತೋ ಅವರೇ ಹೆಚ್ಚು ಬದಲಾದವರು. ಆರೆಗನ್ ರಾಜ್ಯದ ಸಂಶೋಧಕರು ಗಡಿಯಾರವನ್ನೇ ಹಿಡಿದು ಲೆಕ್ಕ ಹಾಕಿದ್ದಾರೆ. ತಲಾ ಮೂರು ನಿಮಿಷ. ಒಬ್ಬೊಬ್ಬರ ಜೊತೆ ಸರಾಸರಿ ಮೂರು ನಿಮಿಷವಾದರೂ ನ್ಯಾಯಾಧೀಶರು ಮಾತಾಡುವ ಕೋರ್ಟುಗಳಲ್ಲಿ ಫಲ ಎದ್ದು ಕಾಣುವಷ್ಟು ಹೆಚ್ಚು!

ಮೂರೇ ನಿಮಿಷ! ಸೂಜಿಯಲ್ಲ, ಸೆರೆಮನೆಯಲ್ಲ. ದಿನಾ ಸಂಜೆ ಮಗ್ಗಿ ಒಪ್ಪಿಸಿಕೊಳ್ಳುವ ಮೇಷ್ಟ್ರ ಹಾಗೆ, ‘ಹೋದ ವಾರ ಹೇಳಿದ್ದೆಯಲ್ಲ, ಏನಾಯ್ತು?’ ಎಂದು ನೆನಪಿಟ್ಟುಕೊಂಡು ಕೇಳುವ ಒಬ್ಬ ದೊಡ್ಡ ಮನುಷ್ಯ. ಮಾಮೂಲಿ ಕೋರ್ಟಿನಲ್ಲಿ ತೀರ್ಪು ಓದಿದ ಕ್ಷಣಕ್ಕೆ ನ್ಯಾಯಾಧೀಶರಿಗೂ ಆರೋಪಿಗೂ ಇದ್ದ ನಂಟು ಮುಗಿಯಿತು. ಇಲ್ಲಿ ನಂಟು ಶುರುವಾಗುವುದೇ ಆ ಹಂತದಿಂದ.

ಊಟದ ಬಿಡುವಿನಲ್ಲಿ, ಆಟದ ಅಂಕಣದಲ್ಲಿ

ಸಂಶೋಧಕರು ಈ ಗುಟ್ಟು ಹುಡುಕುವುದಕ್ಕೂ ಮೊದಲೇ ಇಂಥ ಕೋರ್ಟುಗಳು ಎಲ್ಲೆಲ್ಲೋ ಹುಟ್ಟಿಕೊಂಡಿದ್ದವು! ಫ್ಲಾರಿಡಾದ ಬ್ರೊವಾರ್ಡ್ ಕೌಂಟಿಯಲ್ಲಿ 1997ರಲ್ಲಿ ನ್ಯಾಯಾಧೀಶೆ ಜಿಂಜರ್ ಲರ್ನರ್ ರೆನ್ ಮಾನಸಿಕ ಕಾಯಿಲೆಯವರಿಗೆಂದೇ ಕೋರ್ಟು ತೆರೆದರು. ಬೇರೆ ಕೇಸುಗಳ ನಡುವೆ ಬಿಡುವೆಲ್ಲಿ? ಊಟದ ಹೊತ್ತಿನಲ್ಲೇ ಕಲಾಪ! ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ 1989ರಲ್ಲೇ, ಬೀದಿಪಾಲಾದ ಮಾಜಿ ಸೈನಿಕರ ಶಿಬಿರವೊಂದರಲ್ಲಿ, ಹ್ಯಾಂಡ್‌ಬಾಲ್ ಆಡುವ ಅಂಕಣವೇ ಕೋರ್ಟಾಯಿತು. ಫುಟ್‌ಪಾತಿನಲ್ಲಿ ಮಲಗಿದ್ದಕ್ಕೆ, ಟಿಕೆಟ್ಟಿಲ್ಲದೆ ಟ್ರಾಲಿ ರೈಲು ಹತ್ತಿದ್ದಕ್ಕೆ ಬಿದ್ದ ದಂಡ ಕಟ್ಟಲಾಗದೆ ವಾರೆಂಟಿಗೆ ಹೆದರಿ ಬದುಕುವವರ ಬಳಿಗೆ ಕೋರ್ಟೇ ನಡೆದು ಬಂತು. ಅಲ್ಲಿ ದಂಡದ ಬದಲು ಜಮೆಯಾಗುವುದು ಅವರು ಆಗಲೇ ಮುಗಿಸಿದ ತರಬೇತಿ, ಚಿಕಿತ್ಸೆ.

ಇನ್ನು ನ್ಯೂಯಾರ್ಕ್ ರಾಜ್ಯದ ಬಫಲೊ ನಗರದ ಕಥೆ ಕೇಳಿ, ಮೈ ಜುಮ್ಮೆನ್ನುತ್ತದೆ. ನ್ಯಾಯಾಧೀಶ ರಾಬರ್ಟ್ ರಸೆಲ್ ಅವರ ಮುಂದೆ ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ್ದವನೊಬ್ಬ ತಲೆ ತಗ್ಗಿಸಿ ನಿಂತಿದ್ದ. ಕೇಳಿದ್ದಕ್ಕೆ ಉತ್ತರವಿಲ್ಲ, ಕಣ್ಣೆತ್ತಿ ನೋಡುವುದಿಲ್ಲ. ರಸೆಲ್ ಅವರು ಅಲ್ಲೇ ಇದ್ದ, ತಾವೂ ವಿಯೆಟ್ನಾಂ ಕಂಡು ಬಂದಿದ್ದ ಇಬ್ಬರನ್ನು ಕರೆದು, ‘ಇವರನ್ನು ಹೊರಗೆ ಕರೆದುಕೊಂಡು ಹೋಗಿ ಸ್ವಲ್ಪ ಮಾತಾಡಿ’ ಎಂದರು. ಸ್ವಲ್ಪ ಹೊತ್ತಿಗೆ ಅವನು ಒಳಗೆ ಬಂದ. ಬೆನ್ನು ನೆಟ್ಟಗೆ, ಸಿಪಾಯಿಯ ಠೀವಿ! ಇನ್ನು ಮೇಲೆ ಹೆಚ್ಚು ಪ್ರಯತ್ನಪಡುತ್ತೇನೆ ಎಂದು ನ್ಯಾಯಾಧೀಶರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಆ ಕಾರಿಡಾರಿನ ಮಾತುಕತೆಯಿಂದ 2008ರಲ್ಲಿ ಮಾಜಿ ಸೈನಿಕರ ಕೋರ್ಟು ಹುಟ್ಟಿತು. ಅಲ್ಲಿ ಪ್ರತಿ ಆರೋಪಿಗೂ ಇನ್ನೊಬ್ಬ ಮಾಜಿ ಸೈನಿಕ ಜೊತೆಗಾರ. ಇವತ್ತು ಅಂಥ ಕೋರ್ಟುಗಳು ನೂರಾರು.

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನ ರೆಡ್ ಹುಕ್ ಬಡಾವಣೆಯಲ್ಲಿ 1992ರಲ್ಲಿ, ಕಾಣೆಯಾದ ವಿದ್ಯಾರ್ಥಿಯನ್ನು ಹುಡುಕಿ ಹೊರಟ ಶಾಲೆಯ ಮುಖ್ಯೋಪಾಧ್ಯಾಯರು ಡ್ರಗ್ಸ್ ಗುಂಪುಗಳ ಗುಂಡಿನ ಕಾಳಗಕ್ಕೆ ಸಿಕ್ಕಿ ಸತ್ತರು. ಅದೇ ಬಡಾವಣೆಯ ಹಳೆಯ ಶಾಲಾ ಕಟ್ಟಡವೊಂದರಲ್ಲಿ 2000ದಲ್ಲಿ ಹೊಸ ಕೋರ್ಟು ಬಂತು. ಅಲೆಕ್ಸ್ ಕಲಬ್ರೀಸ್ ಎಂಬ ಒಬ್ಬರೇ ನ್ಯಾಯಾಧೀಶರ ಮುಂದೆ ಕ್ರಿಮಿನಲ್ ಕೇಸು, ಕುಟುಂಬದ ತಕರಾರು, ಬಾಡಿಗೆ ಮನೆಯ ಜಗಳ, ಮೂರೂ! 2013ರ ಅಧ್ಯಯನದಂತೆ, ಅಲ್ಲಿಗೆ ಹೋದ ವಯಸ್ಕರು ಮತ್ತೆ ಅಪರಾಧಕ್ಕೆ ಇಳಿಯುವ ಸಾಧ್ಯತೆ ಮಾಮೂಲಿ ಕೋರ್ಟಿನವರಿಗಿಂತ ಶೇ 10, ಹುಡುಗರಲ್ಲಿ ಶೇ 20 ಕಡಿಮೆ. ಅಷ್ಟರಲ್ಲಾಗಲೇ ಡ್ರಗ್ ಕೋರ್ಟು ಟೊರಾಂಟೊ, ಸಿಡ್ನಿ, ಡಬ್ಲಿನ್, ಗ್ಲಾಸ್ಗೊ ತಲುಪಿಯಾಗಿತ್ತು.

ಬೆಳಕಿನ ಬುಡದ ಕತ್ತಲೆ

ಬೆರಗಿನ ಭರದಲ್ಲಿ ಕಣ್ಣು ಮುಚ್ಚುವಂತಿಲ್ಲ. ಎಷ್ಟೋ ಡ್ರಗ್ ಕೋರ್ಟುಗಳು ‘ಮೊದಲು ತಪ್ಪೊಪ್ಪಿಕೋ, ಆಮೇಲೆ ಚಿಕಿತ್ಸೆ’ ಎನ್ನುತ್ತವೆ. ಅರ್ಧ ದಾರಿಯಲ್ಲಿ ಸೋತವನಿಗೆ, ಸುಮ್ಮನೆ ಶಿಕ್ಷೆ ಅನುಭವಿಸಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಜೈಲು ಆದ ಉದಾಹರಣೆಗಳಿವೆ. ಚಟ ಬಿಡಿಸಲೆಂದು ವೈದ್ಯರು ಬರೆದುಕೊಟ್ಟ ಮೆಥಡೋನ್, ಬ್ಯುಪ್ರಿನಾರ್ಫಿನ್ ಔಷಧಗಳನ್ನೇ ‘ಅದೂ ಡ್ರಗ್ಸೇ’ ಎಂದು ನಿಲ್ಲಿಸಿದ ನ್ಯಾಯಾಧೀಶರೂ ಇದ್ದರು. 2015ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ‘ಹಾಗೆ ಮಾಡಿದರೆ ನಮ್ಮ ಹಣವಿಲ್ಲ’ ಎಂದು ಗದರಬೇಕಾಯಿತು. ಕಪ್ಪು ಜನರಿಗೆ ಈ ಬಾಗಿಲು ಬಿಳಿಯರಿಗೆ ತೆರೆದಷ್ಟು ಅಗಲ ತೆರೆದಿಲ್ಲ ಎಂಬ ದೂರು ಇಂದಿಗೂ ಜೀವಂತ. ಇಷ್ಟೆಲ್ಲ ಶಕ್ತಿ ಒಬ್ಬ ನ್ಯಾಯಾಧೀಶರಲ್ಲಿ ಇದೆ ಎಂದಾದರೆ, ಆ ಒಬ್ಬರು ಸಿಡುಕರಾದಾಗ ಆಗುವ ಹಾನಿಯೂ ಅಷ್ಟೇ ದೊಡ್ಡದು.

ನಮ್ಮ ಕಾಯ್ದೆ ಪುಸ್ತಕದಲ್ಲೇ!

ಈಗ ಎಲ್ಲಕ್ಕಿಂತ ದೊಡ್ಡ ಅಚ್ಚರಿ. ಮಿಯಾಮಿಯ ಕೋರ್ಟು ತೆರೆಯುವುದಕ್ಕೆ ನಾಲ್ಕು ವರ್ಷ ಮೊದಲೇ, 1985ರಲ್ಲಿ, ನಮ್ಮ ಸಂಸತ್ತು ಮಾದಕ ವಸ್ತುಗಳ ತಡೆಗೆ ಎನ್‌ಡಿಪಿಎಸ್ ಕಾಯ್ದೆ ಮಾಡಿತು. ಗಾಂಜಾ ಕೇಸು ಎಂದರೆ ಬೆಂಗಳೂರು, ಮಂಗಳೂರಿನ ತಂದೆತಾಯಿಯರ ಎದೆ ಧಸಕ್ಕೆನ್ನುವುದು ಈ ಕಾಯ್ದೆಯ ಹೆಸರು ಕೇಳಿಯೇ. ಆ ಕಟು ಕಾಯ್ದೆಯ ಒಡಲಲ್ಲಿರುವ 39ನೇ ಕಲಂ ತೆರೆದು ನೋಡಿ! ಡ್ರಗ್ಸ್ ಸೇವಿಸಿದ್ದಕ್ಕೆ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ತಪ್ಪಿತಸ್ಥನಾದ ವ್ಯಸನಿಯನ್ನು, ಅವನು ಒಪ್ಪಿದರೆ, ಜೈಲಿಗೆ ಕಳಿಸುವ ಬದಲು ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಗೆ ಚಿಕಿತ್ಸೆಗೆ ಕಳಿಸಬಹುದು. ಮುಚ್ಚಳಿಕೆ ಬರೆದುಕೊಟ್ಟು, ಒಂದು ವರ್ಷದೊಳಗೆ ಕೋರ್ಟಿಗೆ ಬಂದು ಚಿಕಿತ್ಸೆಯ ವರದಿ ಒಪ್ಪಿಸಬೇಕು. 64ಎ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ. ಇಂಥ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಹೋಗಿ ಅದನ್ನು ಪೂರೈಸಿದರೆ ಕೇಸಿನಿಂದಲೇ ರಕ್ಷಣೆ!

ಅಂದರೆ ಬಾಗಿಲು ನಮ್ಮಲ್ಲೂ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ವ್ಯಸನ ಚಿಕಿತ್ಸೆಯಲ್ಲಿ ದೇಶವೇ ತಿರುಗಿ ನೋಡುವ ಸಂಸ್ಥೆ. ಎನ್‌ಡಿಪಿಎಸ್ ಕೇಸುಗಳಿಗೆಂದೇ ವಿಶೇಷ ನ್ಯಾಯಾಲಯಗಳೂ ಇವೆ. ಕಲಂ, ಆಸ್ಪತ್ರೆ, ಕೋರ್ಟು, ಮೂರೂ ಉಂಟು. ಅಮೆರಿಕದ ಆ ಕೋರ್ಟುಗಳಲ್ಲಿ ಇದ್ದು ಇಲ್ಲಿ ಇಲ್ಲದ್ದು ಒಂದೇ: ವರ್ಷಕ್ಕೊಂದು ವರದಿಯ ಬದಲು, ಹದಿನೈದು ದಿನಕ್ಕೊಮ್ಮೆ ಆ ಮನುಷ್ಯನನ್ನೇ ಕರೆದು ‘ಹೇಗಿದ್ದೀಯಪ್ಪಾ?’ ಎಂದು ಕೇಳುವ ಪದ್ಧತಿ. ಗುಡ್ಡೆ ಬಿದ್ದ ಕಡತಗಳ ನಡುವೆ, ಕೆಲವು ವರ್ಷಕ್ಕೊಮ್ಮೆ ವರ್ಗವಾಗುವ ನಮ್ಮ ನ್ಯಾಯಾಧೀಶರಿಗೆ ಅದು ಸುಲಭವಲ್ಲ, ನಿಜ.

ಆದರೂ ಯೋಚಿಸಿ. ವಾಯಿದೆ ಎಂದರೆ ನಮಗೆ ಶಾಪ. ‘ಮುಂದಿನ ತಾರೀಖಿಗೆ ಬಾ’ ಎಂದು ಕೇಳಿ ಕೇಳಿ ಚಪ್ಪಲಿ ಸವೆಸಿದವರು ಪ್ರತಿ ಊರಿನಲ್ಲೂ ಇದ್ದಾರೆ. ಅಮೆರಿಕದ ಈ ಕೋರ್ಟುಗಳು ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮಾಡಿ ತೋರಿಸಿದ್ದು, ಅದೇ ವಾಯಿದೆಯನ್ನು ಔಷಧ ಮಾಡಬಹುದು ಎಂಬುದನ್ನು. ವಾಯಿದೆ ಕೊಡುವುದರಲ್ಲಿ ನಮ್ಮ ಕೋರ್ಟುಗಳನ್ನು ಮೀರಿಸುವವರು ಯಾರಿದ್ದಾರೆ? ಜೊತೆಗೆ ಮೂರು ನಿಮಿಷ ಸೇರಿಸಿದರೆ ಸಾಕು!